ಪದ ಪರಿಚಯ: ಟೀನ್ ವ್ಯಾಂಪೈರ್ ರೊಮಾನ್ಸ್, ಅದರ ಮೇಲೆ ಇಷ್ಟೊಂದು ಸಿಟ್ಟು ಯಾಕೆ?

ಹದಿಹರೆಯದವರಿಗಾಗಿ ಬರೆದ ಪ್ರೇಮ ಕಾದಂಬರಿ. ಹುಡುಗಿ ಮನುಷ್ಯಳು, ನಮ್ಮ ಪಿಯುಸಿ ಮಕ್ಕಳ ವಯಸ್ಸು. ಹುಡುಗ ನೋಡಲು ಅವಳ ಓರಗೆಯವನೇ. ಆದರೆ ಅವನು ರಕ್ತ ಕುಡಿದು ಬದುಕುವ, ಮುಪ್ಪಿಲ್ಲದ ವ್ಯಾಂಪೈರ್. ಅವಳನ್ನು ಕಂಡರೆ ಅವನಿಗೆ ಆಸೆಯೂ ಆಗುತ್ತದೆ, ಹಸಿವೂ ಆಗುತ್ತದೆ. ಈ ಎಳೆದಾಟವೇ ಕಥೆ. ಇಂಥ ಪುಸ್ತಕಗಳಿಗೆ ಟೀನ್ ವ್ಯಾಂಪೈರ್ ರೊಮಾನ್ಸ್ ಅನ್ನುತ್ತಾರೆ.

ಈ ಬಗೆಯಲ್ಲಿ ಎಲ್ಲರಿಗೂ ಗೊತ್ತಿರುವುದು ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ ಸರಣಿ. ಮೊದಲ ಪುಸ್ತಕ ಬಂದದ್ದು 2005ರಲ್ಲಿ, ನಾಲ್ಕನೆಯದು 2008ರಲ್ಲಿ. ಹತ್ತು ಕೋಟಿಗೂ ಜಾಸ್ತಿ ಪ್ರತಿಗಳು ಖರ್ಚಾಗಿವೆ. ಕಪ್ಪು ರಟ್ಟು, ಬಿಳಿಚಿದ ಎರಡು ಕೈ, ಕೈಯಲ್ಲೊಂದು ಕೆಂಪು ಸೇಬು: ಮಂಗಳೂರು, ಮಣಿಪಾಲದ ಕಾಲೇಜು ಹುಡುಗಿಯರ ಬ್ಯಾಗಿನಲ್ಲೂ ಈ ಪುಸ್ತಕ ಓಡಾಡಿದೆ. ಇಷ್ಟು ಓದಿಸಿಕೊಂಡ ಪುಸ್ತಕ ಅಷ್ಟೇ ಬೈಸಿಕೊಂಡಿದೆ. ಆ ಬೈಗುಳಗಳನ್ನೆಲ್ಲ ಒಟ್ಟಿಗೆ ರಾಶಿ ಹಾಕಿದರೆ ಏನೂ ತಿಳಿಯುವುದಿಲ್ಲ. ಕೆಲವು ಬರೀ ಜಂಬದ ಮಾತು. ಕೆಲವು ರುಚಿಗೆ ಬಿಟ್ಟದ್ದು. ಒಂದೆರಡು ಮಾತ್ರ ನಿಜಕ್ಕೂ ಗಂಭೀರ.

ಹಗುರವಾದದ್ದನ್ನು ಮೊದಲು ಮುಗಿಸೋಣ. ‘ವ್ಯಾಂಪೈರ್ ಬಿಸಿಲಿಗೆ ಸುಟ್ಟು ಬೂದಿಯಾಗಬೇಕು, ಇಲ್ಲಿ ನೋಡಿದರೆ ವಜ್ರದ ಹಾಗೆ ಮಿನುಗುತ್ತಾನೆ’ ಅನ್ನುವುದು ತುಂಬಾ ಓಡಿದ ಆಕ್ಷೇಪ. ಇದರಲ್ಲಿ ಹುರುಳಿಲ್ಲ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಡ್ರಾಕುಲಾ ಹಗಲು ಹೊತ್ತಿನಲ್ಲೂ ತಿರುಗಾಡುತ್ತಾನೆ, ಶಕ್ತಿ ಕಡಿಮೆಯಾಗುತ್ತದೆ ಅಷ್ಟೆ. ಬಿಸಿಲಿಗೆ ಸಾಯುವ ವ್ಯಾಂಪೈರ್ ಬಂದದ್ದು 1922ರ ‘ನೊಸ್ಫೆರಾಟು’ ಎಂಬ ಜರ್ಮನ್ ಮೂಕಿಚಿತ್ರದಲ್ಲಿ. ಪ್ರತಿ ಕಾಲವೂ ತನಗೆ ಬೇಕಾದ ವ್ಯಾಂಪೈರನ್ನು ಮಾಡಿಕೊಂಡಿದೆ.

ಬರವಣಿಗೆಯ ಮೇಲಿನ ದೂರು ಇದಕ್ಕಿಂತ ಗಟ್ಟಿ. ಹುಡುಗ ಎಡ್ವರ್ಡ್ ಎಷ್ಟು ಚೆಂದ ಅನ್ನುವುದು ಮತ್ತೆ ಮತ್ತೆ ಬರುತ್ತದೆ, ಹೇಳಿದ್ದೇ ಹೇಳಿದ್ದು. ನಾಯಕಿ ಬೆಲ್ಲಾಳಿಗೆ ಅವನನ್ನು ಬಿಟ್ಟು ಬೇರೆ ಹಂಬಲವೇ ಇಲ್ಲ. ಓದುವ ಹುಡುಗಿ ತಾನೇ ಬಂದು ಕೂರಲಿ ಅಂತ ಖಾಲಿ ಬಿಟ್ಟ ಕುರ್ಚಿಯ ಹಾಗಿದ್ದಾಳೆ. ಮೇಯರ್ ಅವರಿಗೆ ಬರೆಯಲು ಬರುವುದಿಲ್ಲ ಅಂತ ಭಯದ ಕಾದಂಬರಿಗಳಿಗೆ ಹೆಸರಾದ ಸ್ಟೀಫನ್ ಕಿಂಗ್ 2009ರಲ್ಲಿ ಹೇಳಿದ್ದು ಆಗ ದೊಡ್ಡ ಸುದ್ದಿಯಾಗಿತ್ತು. ಅವರು ಜೊತೆಗೇ ಹೇಳಿದ ಇನ್ನೊಂದು ಮಾತು ಅಷ್ಟು ಸುದ್ದಿಯಾಗಲಿಲ್ಲ. ಪ್ರೀತಿ ಮತ್ತು ದೇಹದ ಆಸೆ ಎರಡನ್ನೂ ಹೆದರಿಕೆಯಿಲ್ಲದೆ ಒಟ್ಟಿಗೆ ನೋಡಲು ಈ ಕಥೆಗಳು ಹುಡುಗಿಯರಿಗೆ ಜಾಗ ಕೊಡುತ್ತವೆ ಅನ್ನುವುದು ಆ ಮಾತಿನ ಸಾರ. ನನಗೆ ಅದೇ ಮುಖ್ಯ ಅನಿಸುತ್ತದೆ. ಎಡ್ವರ್ಡ್ ಅವಸರ ಮಾಡುವವನಲ್ಲ. ಮದುವೆಯಾಗುವವರೆಗೆ ಬೇಡ ಅನ್ನುವವನು ಅವನೇ. ಆಸೆ ಇರಬಹುದು, ಒತ್ತಾಯ ಇರುವುದಿಲ್ಲ. ಹದಿನಾರು ವರ್ಷದ ಹುಡುಗಿಗೆ ಇದು ಸಣ್ಣ ವಿಷಯವೇನಲ್ಲ.

ಹುಡುಗಿಯರು ಮುಗಿಬಿದ್ದು ಓದುವ ಪುಸ್ತಕ ಅನ್ನುವ ಒಂದೇ ಕಾರಣಕ್ಕೆ ಹಳಿಯುವವರೂ ಇದ್ದಾರೆ. ಇದು ನಮಗೂ ಗೊತ್ತಿರುವ ಚಾಳಿ. ತ್ರಿವೇಣಿ, ಎಂ.ಕೆ. ಇಂದಿರಾ ಅವರ ಕಾಲದಲ್ಲಿ ಹೆಂಗಸರು ಬರೆದದ್ದನ್ನು ‘ಅಡುಗೆಮನೆ ಸಾಹಿತ್ಯ’ ಅಂತ ತಳ್ಳಿಹಾಕಿದವರಿದ್ದರು. ಹೆಣ್ಣಿನ ಮನಸ್ಸು ಕಾಯಿಲೆ ಬೀಳುವುದರ ಬಗ್ಗೆ ತ್ರಿವೇಣಿ ಬರೆದದ್ದೂ ಆ ಹಣೆಪಟ್ಟಿಯ ಕೆಳಗೇ ಹೋಯಿತು. ಹಾಗಾಗಿ ಒಂದು ಪುಸ್ತಕವನ್ನು ‘ಅಯ್ಯೋ, ಅದು ಹುಡುಗಿಯರದ್ದು’ ಅಂತ ಯಾರಾದರೂ ಮೂಗು ಮುರಿದರೆ ನಾನು ಅದನ್ನು ವಿಮರ್ಶೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈಗ ಗಂಭೀರವಾದದ್ದಕ್ಕೆ ಬರುತ್ತೇನೆ.

ಮೊದಲ ಪುಸ್ತಕದಲ್ಲಿ ಎಡ್ವರ್ಡ್ ರಾತ್ರಿ ಹೊತ್ತು ಬೆಲ್ಲಾಳ ಕೋಣೆಗೆ ನುಗ್ಗಿ ಅವಳು ಮಲಗಿರುವುದನ್ನು ನೋಡುತ್ತಾ ಕೂರುತ್ತಾನೆ. ಅವಳಿಗೆ ಗೊತ್ತಿಲ್ಲ, ಅವನು ಕೇಳಿಯೂ ಇಲ್ಲ. ಆಮೇಲೆ ಅವನೇ ಹೇಳಿದಾಗ ಅವಳಿಗೆ ಸಿಟ್ಟು ಬರುವುದಿಲ್ಲ. ಒಳಗೊಳಗೇ ಖುಷಿ, ನಿದ್ದೆಯಲ್ಲಿ ತಾನು ಏನೇನು ಬಡಬಡಿಸಿದೆನೋ ಅಂತ ನಾಚಿಕೆ. ಎರಡನೆಯ ಪುಸ್ತಕದಲ್ಲಿ ಅವನು ಬಿಟ್ಟು ಹೋಗುತ್ತಾನೆ. ಅಲ್ಲಿ ಪುಟಗಳ ಮೇಲೆ ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ ಅಂತ ತಿಂಗಳ ಹೆಸರು ಮಾತ್ರ ಇದೆ. ಬೇರೆ ಒಂದಕ್ಷರವಿಲ್ಲ. ಹುಡುಗ ಹೋದ ಮೇಲೆ ಬರೆಯುವಂಥದ್ದೇನೂ ಅವಳ ಬದುಕಿನಲ್ಲಿ ಉಳಿದಿಲ್ಲ ಅಂತ ಅರ್ಥ.

ಮೂರನೆಯದರಲ್ಲಿ ಇನ್ನೊಂದು ದೃಶ್ಯ ಇದೆ. ಗೆಳೆಯ ಜೇಕಬ್‌ನನ್ನು ನೋಡಲು ಬೆಲ್ಲಾ ಹೊರಟಿದ್ದಾಳೆ. ಗಾಡಿ ಸ್ಟಾರ್ಟ್ ಆಗುವುದಿಲ್ಲ. ತಿರುಗಿ ನೋಡಿದರೆ ಪಕ್ಕದ ಸೀಟಿನಲ್ಲಿ ಎಡ್ವರ್ಡ್, ಕೈಯಲ್ಲಿ ಅವಳ ಗಾಡಿಯ ಎಂಜಿನ್ನಿನ ಒಂದು ಭಾಗ. ಅವಳು ಹೊರಟದ್ದು ಅವನಿಗೆ ಗೊತ್ತಾದದ್ದು ಹೇಗೆ? ಅವನ ತಂಗಿ ಆಲಿಸ್‌ಗೆ ಮುಂದಾಗುವುದು ಕಾಣುತ್ತದೆ, ಅವಳು ಫೋನ್ ಮಾಡಿ ಹೇಳಿದ್ದಾಳೆ. ಬೆಲ್ಲಾಳಿಗೆ ಸಿಟ್ಟು ಬರುತ್ತದೆ. ಮನೆಗೆ ಹೋಗಿ ಕೋಣೆಯ ಕಿಟಕಿಯನ್ನು ಅವನಿಗೆ ಕೇಳುವ ಹಾಗೆ ದಢಾರಂತ ಹಾಕುತ್ತಾಳೆ. ಸ್ವಲ್ಪ ಹೊತ್ತಿಗೇ ನಿಟ್ಟುಸಿರು ಬಿಟ್ಟು ಪೂರ್ತಿ ತೆರೆಯುತ್ತಾಳೆ. ಮುಂದೆ ಅವನು ತನ್ನದು ತಪ್ಪು ಅಂತ ಒಪ್ಪಿ, ಜೇಕಬ್ ಇರುವ ಕಡೆಗೆ ತಾನೇ ಅವಳನ್ನು ಬಿಟ್ಟು ಬರುವುದೂ ಇದೆ. ಆದರೆ ಅವನು ಮಾಡಿದ್ದಕ್ಕೆಲ್ಲ ಕಥೆ ಕೊಡುವ ಕಾರಣ ಒಂದೇ: ಅವಳ ಸುರಕ್ಷತೆ. ಕಾವಲು ಕಾಯುವುದನ್ನೇ ಪ್ರೀತಿ ಅಂತ ತೋರಿಸುತ್ತದೆ ಅನ್ನುವುದು ಈ ಪುಸ್ತಕಗಳ ಮೇಲಿನ ಅತಿ ದೊಡ್ಡ ಟೀಕೆ. ನಾನು ಅದನ್ನು ಪೂರ್ತಿ ಒಪ್ಪುತ್ತೇನೆ.

ತಿನ್ನಲು ಬಂದವರು ಪ್ರೀತಿಯಲ್ಲಿ ಬೀಳುವ ಕಥೆ ಯಕ್ಷಗಾನ ನೋಡಿ ಬೆಳೆದ ಕರಾವಳಿಯವರಿಗೆ ಹೊಸದೇನಲ್ಲ. ಪಾಂಡವರನ್ನು ಕೊಂದು ತಾ ಅಂತ ಅಣ್ಣ ಕಳಿಸಿದ ಹಿಡಿಂಬೆ ಭೀಮನಿಗೆ ಮನಸೋಲುತ್ತಾಳಲ್ವಾ? ಆದರೆ ಅವಳು ತಾನು ಯಾರು, ಯಾಕೆ ಬಂದೆ ಅನ್ನುವುದನ್ನು ಬಂದ ಕೂಡಲೇ ಹೇಳಿಬಿಡುತ್ತಾಳೆ. ಕುಂತಿಯ ಮುಂದೆ ಬೇಡಿಕೊಳ್ಳುತ್ತಾಳೆ. ಹಗಲು ಅವಳ ಜೊತೆ, ರಾತ್ರಿಗೆ ಭೀಮ ವಾಪಸ್, ಅದೂ ಮಗು ಹುಟ್ಟುವವರೆಗೆ ಅಂತ ಎಲ್ಲರೆದುರು ಷರತ್ತು ಆಗುತ್ತದೆ. ರಾಕ್ಷಸಿಯಾದವಳು ಅಲ್ಲಿ ಕೇಳಿ ಪಡೆಯುತ್ತಾಳೆ. ಎಡ್ವರ್ಡ್ ತನ್ನಿಂದ ಅಪಾಯ ಅಂತ ಬೆಲ್ಲಾಳಿಗೆ ಎಚ್ಚರಿಕೆ ಕೊಡುತ್ತಾನೆ ನಿಜ, ಕಿಟಕಿ ಹತ್ತಲು ಮಾತ್ರ ಯಾರನ್ನೂ ಕೇಳುವುದಿಲ್ಲ.

ಈ ‘ಸುರಕ್ಷತೆ’ಯ ಮಾತು ಮಂಗಳೂರಿನಲ್ಲಿ ಬದುಕುವವರಿಗೆ ಬೇರೆಯೇ ರೀತಿ ಕೇಳಿಸುತ್ತದೆ. 2009ರ ಜನವರಿಯಲ್ಲಿ ಇಲ್ಲಿನ ಪಬ್ ಒಂದಕ್ಕೆ ನುಗ್ಗಿ ಹುಡುಗಿಯರಿಗೆ ಹೊಡೆದವರು ಅದನ್ನು ಸಂಸ್ಕೃತಿಯ ರಕ್ಷಣೆ ಅಂದರು. ಬಸ್ಸಿನಲ್ಲಿ ಜೊತೆಗೆ ಕೂತ ಹುಡುಗ ಹುಡುಗಿಯನ್ನು ಇಳಿಸಿ ವಿಚಾರಿಸಿದ ಸುದ್ದಿ ಆಮೇಲೂ ಎಷ್ಟೋ ಸಲ ಓದಿದ್ದೇವೆ. ಹುಡುಗಿ ಎಲ್ಲಿ ಹೋಗುತ್ತಾಳೆ, ಯಾರ ಜೊತೆ ಹೋಗುತ್ತಾಳೆ ಅಂತ ನೋಡುತ್ತಿರುವ ಕಣ್ಣು ಊರಲ್ಲಿ ಮೊದಲೇ ಜಾಸ್ತಿ ಇದೆ. ಅದೇ ಕಣ್ಣನ್ನು ಚೆಂದದ ಹುಡುಗನ ಮುಖಕ್ಕೆ ಇಟ್ಟರೆ ಅಭ್ಯಾಸವಾದ ಮನಸ್ಸಿಗೆ ತಪ್ಪು ಅನಿಸದೇ ಹೋಗಬಹುದು. ನನ್ನ ಆತಂಕ ಇದು.

ಉಡುಪಿಯಲ್ಲಿ ಪಿಯುಸಿ ಓದುವ ಅಕ್ಕನ ಮಗಳ ಹತ್ತಿರ ಈ ಎಂಜಿನ್ನಿನ ದೃಶ್ಯದ ಬಗ್ಗೆ ಕೇಳಿದೆ. ‘ಅದು ತಪ್ಪೇ ಚಿಕ್ಕಮ್ಮ. ನಮ್ಮ ಕ್ಲಾಸಿನವಳೊಬ್ಬಳ ಬಾಯ್‌ಫ್ರೆಂಡ್ ಹಾಗೇ, ಲೈವ್ ಲೊಕೇಶನ್ ಕಳಿಸದಿದ್ರೆ ಜಗಳ’ ಅಂದಳು. ಮತ್ತೆ ಯಾಕೆ ಓದ್ತಿ ಅಂದರೆ, ‘ಅವ ಅವಳು ಹೇಳುವುದನ್ನು ಗಮನ ಕೊಟ್ಟು ಕೇಳ್ತಾನಲ್ಲ, ಅದಕ್ಕೆ’. ತಪ್ಪು ಅಂತ ಗೊತ್ತಿದ್ದೂ ಇಷ್ಟಪಟ್ಟು ಓದಬಹುದು. ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ಒಬ್ಬರು ಬೇಕು. ಪುಸ್ತಕ ಕಸಿದು ಅಟ್ಟಕ್ಕೆ ಹಾಕಿದರೆ ಈ ಮಾತುಕತೆಯೇ ಆಗುವುದಿಲ್ಲ. ಅಮೆರಿಕದ ಗ್ರಂಥಾಲಯಗಳಿಂದ ‘ಟ್ವೈಲೈಟ್’ ತೆಗೆಸಿ ಅಂತ ತುಂಬಾ ಮಂದಿ ದೂರು ಕೊಟ್ಟಿದ್ದರು. 2009, 2010 ಎರಡು ವರ್ಷವೂ ಅಲ್ಲಿನ ಗ್ರಂಥಾಲಯ ಸಂಘದ ‘ಅತಿ ಹೆಚ್ಚು ಆಕ್ಷೇಪ ಬಂದ ಹತ್ತು ಪುಸ್ತಕ’ಗಳ ಪಟ್ಟಿಯಲ್ಲಿ ಅದು ಇತ್ತು. ಧರ್ಮ, ಲೈಂಗಿಕತೆ, ವಯಸ್ಸಿಗೆ ತಕ್ಕದ್ದಲ್ಲ ಅನ್ನುವುದು ಆ ದೂರುಗಳಲ್ಲಿ ಬಂದ ಕಾರಣಗಳು.

ಇನ್ನೊಂದು ಟೀಕೆ ಇದೆ, ಅದು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಜೇಕಬ್ ಕ್ವಿಲ್ಯೂಟ್ ಬುಡಕಟ್ಟಿನವನು, ತೋಳವಾಗಿ ಬದಲಾಗುತ್ತಾನೆ. ಕ್ವಿಲ್ಯೂಟರು ಕಲ್ಪನೆಯಲ್ಲ. ವಾಷಿಂಗ್ಟನ್ ರಾಜ್ಯದ ಕಡಲ ಬದಿಯ ಲಾ ಪುಶ್‌ನಲ್ಲಿ ಈಗಲೂ ಇರುವ ಜನ. ತಮ್ಮ ಮೂಲಪುರುಷರು ತೋಳಗಳಿಂದ ಮನುಷ್ಯರಾದರು ಅನ್ನುವುದು ಅವರ ನಂಬಿಕೆ. ಮೇಯರ್ ಅದನ್ನು ಎತ್ತಿಕೊಂಡು ಅದಕ್ಕೆ ವ್ಯಾಂಪೈರ್ ದ್ವೇಷ ಸೇರಿಸಿದರು. ಕೊನೆಯ ಪುಸ್ತಕದಲ್ಲಂತೂ ಜೇಕಬ್ ಆಗ ತಾನೇ ಹುಟ್ಟಿದ ಹೆಣ್ಣುಮಗುವಿನ ಜೊತೆ ಜನ್ಮದ ನಂಟಿನಲ್ಲಿ ಬೀಳುತ್ತಾನೆ. ಹೊರಗಿನವರೊಬ್ಬರು ನಮ್ಮ ದೈವ ಪಂಜುರ್ಲಿಯ ಕಥೆ ಹಾಡುವ ಪಾಡ್ದನಕ್ಕೆ ತಮಗೆ ಬೇಕಾದ ಹಾಗೆ ಪ್ರೇಮಕಥೆ ಅಂಟಿಸಿ, ಅದು ಜಗತ್ತಿಗೆಲ್ಲ ‘ತುಳುನಾಡಿನ ಕಥೆ’ ಅಂತ ಮಾರಾಟವಾದರೆ ನಾವು ಸುಮ್ನೆ ಇರುತ್ತಿದ್ದೆವಾ? 2010ರಲ್ಲಿ ಸಿಯಾಟಲ್ ಆರ್ಟ್ ಮ್ಯೂಸಿಯಂ ಕ್ವಿಲ್ಯೂಟರ ತೋಳಗಳ ನಿಜವಾದ ಕಥೆಯನ್ನೇ ಒಂದು ಪ್ರದರ್ಶನ ಮಾಡಿ ಜನರ ಮುಂದಿಟ್ಟಿತು.

ಟೀಕೆಗಳಿಗೆ ಲೇಖಕಿ ಉತ್ತರ ಕೊಟ್ಟಿದ್ದಾರೆ. 2015ರಲ್ಲಿ ಮೊದಲ ಪುಸ್ತಕವನ್ನೇ ಗಂಡು ಹೆಣ್ಣು ಅದಲು ಬದಲು ಮಾಡಿ ಬರೆದರು. ಬೆಲ್ಲಾ ಸದಾ ಅಪಾಯಕ್ಕೆ ಸಿಕ್ಕಿಬೀಳುವುದು ಹೆಣ್ಣಾದ್ದರಿಂದ ಅಲ್ಲ, ವ್ಯಾಂಪೈರ್‌ಗಳ ನಡುವೆ ಮನುಷ್ಯಳಾದ್ದರಿಂದ ಅನ್ನುವುದು ಅವರ ವಾದ. ಬೆಲ್ಲಾ ಯಾವಾಗಲೂ ಯಾರಾದರೂ ಕಾಪಾಡಬೇಕಾದ ಹೆಣ್ಣು ಅನ್ನುವ ದೂರಿಗೆ ಅದು ಸರಿಯಾದ ಉತ್ತರವೇ. ಎಂಜಿನ್ ಬಿಚ್ಚಿದ ಪ್ರಶ್ನೆಗೆ ಉತ್ತರವಲ್ಲ, ಯಾಕೆಂದರೆ ಅದು ಇರುವುದು ಮೂರನೆಯ ಪುಸ್ತಕದಲ್ಲಿ. 2020ರಲ್ಲಿ ಬಂದ ‘ಮಿಡ್‌ನೈಟ್ ಸನ್’ ಮೊದಲ ಪುಸ್ತಕವನ್ನು ಎಡ್ವರ್ಡ್ ಬಾಯಿಂದ ಹೇಳಿಸುತ್ತದೆ. ಕೋಣೆಗೆ ನುಗ್ಗುವಾಗ ತಾನು ಮಾಡುತ್ತಿರುವುದು ಅಸಹ್ಯ ಅಂತ ಅವನಿಗೆ ಗೊತ್ತಿದೆ. ಆದರೂ ಕಿಟಕಿ ಕಿರುಗುಟ್ಟಿದಾಗ, ಮುಂದಿನ ಸಲ ಎಣ್ಣೆ ತರಬೇಕು ಅಂದುಕೊಳ್ಳುತ್ತಾನೆ. ಮೊದಲ ಪುಸ್ತಕ ಬಂದಾಗ ಹದಿನೈದು ವರ್ಷದವರಾಗಿದ್ದ ಓದುಗರಿಗೆ ಇದು ಬರುವಾಗ ಮೂವತ್ತು. ನಾನು ಓದಿದ ಒಳ್ಳೆಯ ಟೀಕೆಗಳಲ್ಲಿ ಹೆಚ್ಚಿನವು ಆ ಪುಸ್ತಕಗಳನ್ನು ಒಂದು ಕಾಲಕ್ಕೆ ದಿಂಬಿನಡಿ ಇಟ್ಟುಕೊಂಡು ಮಲಗಿದವರೇ ಬರೆದವು.