ಕ್ಯಾಂಪಿಗೆ ಬಂದವರೆಷ್ಟು, ಆಸ್ಪತ್ರೆಗೆ ಹೋದವರೆಷ್ಟು?

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕನ್ನಡದವರು ಸೇರಿ ಕ್ಯಾನ್ಸರ್ ತಪಾಸಣೆ ಕ್ಯಾಂಪ್ ಮಾಡಿದ್ದರು. ಮುಗಿದ ಮೇಲೆ ಕಾರ್ಯದರ್ಶಿಗಳು, "ಡಾಕ್ಟ್ರೇ, ಈ ಸಲ 180 ಹೆಂಗಸರು!" ಎಂದರು. "ದೊಡ್ಡಾಸ್ಪತ್ರೆಗೆ ಚೀಟಿ ಕೊಟ್ಟೆವಲ್ಲ, ಹೋದವರೆಷ್ಟು?" ಎಂದು ಕೇಳಿದೆ. ಯಾರೂ ಬರೆದಿಟ್ಟಿರಲಿಲ್ಲ.

ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬಗ್ಗೆ ದೊಡ್ಡ ಪುರಾವೆ ಸಿಕ್ಕಿದ್ದು ನಮ್ಮ ಮುಂಬಯಿಯಲ್ಲೇ. 1998ರಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಇಲ್ಲಿನ ಝೋಪಡಪಟ್ಟಿಗಳಲ್ಲಿ, ಅಂದರೆ ಕೊಳೆಗೇರಿಗಳಲ್ಲಿ, ಅಧ್ಯಯನ ಶುರು ಮಾಡಿದರು. 35ರಿಂದ 64 ವಯಸ್ಸಿನ ಸುಮಾರು ಒಂದೂವರೆ ಲಕ್ಷ ಹೆಂಗಸರು. ಯಾವ ಝೋಪಡಪಟ್ಟಿಗೆ ತಪಾಸಣೆ, ಯಾವುದಕ್ಕೆ ಬರೀ ತಿಳಿವಳಿಕೆ ಎಂದು ಚೀಟಿ ಎತ್ತಿದ ಹಾಗೆ ಹಂಚಿದರು. ಚೀಟಿ ಯಾಕೆ? ಕ್ಯಾಂಪಿಗೆ ತಾವಾಗಿ ಬರುವವರು ಮೊದಲೇ ಆರೋಗ್ಯದ ಕಾಳಜಿ ಇರುವವರು, ಅಲ್ವಾ? ಅವರನ್ನು ಬಾರದವರ ಜೊತೆ ಹೋಲಿಸಿದರೆ ನಮಗೆ ನಾವೇ ಮೋಸ ಮಾಡಿಕೊಂಡಂತೆ.

ತಪಾಸಣೆ ಸರಳ. ವಿನೆಗರ್‌ನಲ್ಲಿರುವ ಆಸಿಡ್ ಹಚ್ಚಿ, ಒಂದು ನಿಮಿಷ ಕಾದು, ಬಿಳಿ ಮಚ್ಚೆ ಇದೆಯಾ ಎಂದು ಬರಿಗಣ್ಣಲ್ಲಿ ನೋಡುವುದು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರೇ ಎರಡು ವರ್ಷಕ್ಕೊಮ್ಮೆ ಮಾಡಿದರು. ಈ ಕ್ಯಾನ್ಸರಿನ ಸಾವು ಶೇಕಡ 31 ಇಳಿಯಿತು. ಉಳಿದರ್ಧ ಹೆಂಗಸರಿಗೆ ತಪಾಸಣೆ ಇಲ್ಲದ್ದಕ್ಕೆ ಜೋರು ಜಗಳವೂ ನಡೆಯಿತು. ಆ ಪ್ರಶ್ನೆ ನನ್ನನ್ನೂ ಕಾಡುತ್ತದೆ.

ಅದೇ ಅಧ್ಯಯನದಲ್ಲಿ ಕೈಯಿಂದ ಸ್ತನ ಪರೀಕ್ಷೆಯೂ ಇತ್ತು. 50 ದಾಟಿದವರಲ್ಲಿ ಸಾವು ಸುಮಾರು ಶೇಕಡ 30 ಕಡಿಮೆ. ಅದಕ್ಕಿಂತ ಚಿಕ್ಕವರಲ್ಲಿ ಆ ಲಾಭ ಕಾಣಲಿಲ್ಲ.

2016ರ ಕೇಂದ್ರದ ಮಾರ್ಗಸೂಚಿ ನೋಡಿ. 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ. ಮುಂಬಯಿ ಅಧ್ಯಯನಕ್ಕಿಂತ ವಯಸ್ಸೂ ಬೇರೆ, ಅಂತರವೂ ಬೇರೆ. ಹಣ, ಜನ ಎರಡೂ ಕಡಿಮೆ ಇರುವಾಗ ಇದು ತಪ್ಪೆನ್ನಲಾರೆ. ಆದರೆ ಆ 31ನ್ನು ಇಲ್ಲಿಗೆ ಸುಮ್ನೆ ಎತ್ತಿಕೊಂಡು ಬರುವ ಹಾಗಿಲ್ಲ. ಹೊಸದಾಗಿ ಅಳೆಯಬೇಕು. ಅಳೆಯುವುದಕ್ಕೂ ಜನ ಬರಬೇಕಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಗರ್ಭಕೋಶದ ಬಾಯಿಯ ತಪಾಸಣೆ ಒಮ್ಮೆಯಾದರೂ ಆದವರು ಶೇಕಡ 2ಕ್ಕಿಂತ ಕಡಿಮೆ.

ನಮ್ಮ ಕ್ಯಾಂಪಿನಲ್ಲಿ ದೊಡ್ಡಾಸ್ಪತ್ರೆಗೆ ಚೀಟಿ ಪಡೆದವರಿಗೆ ನಾನೇ ಫೋನ್ ಮಾಡಿದೆ. ಕಟ್ಟಡ ಕೆಲಸಕ್ಕೆ ಬಂದಿದ್ದ ಕಲಬುರಗಿಯ ಒಬ್ಬಾಕೆ, "ಊರಿಗಿ ಹೋಗಿ ಬರ್ತೀನ್ರಿ ಮೇಡಂರ, ಆಮ್ಯಾಲ ತೋರಸ್ತೀನಿ" ಎಂದಳು. ಒಂದು ದಿನದ ಪಗಾರ ಹೋಗುತ್ತದೆ ಎಂಬುದು ಆಮೇಲೆ ತಿಳಿಯಿತು.

ಮುಂದಿನ ಕ್ಯಾಂಪಿನ ರಿಜಿಸ್ಟರಿಗೆ ಎರಡು ಕಾಲಂ ಸೇರಿಸಿದೆ: ಊರಿನ ಫೋನ್ ನಂಬರ್, ಆಸ್ಪತ್ರೆಗೆ ಹೋದ ತಾರೀಕು. ಕಾರ್ಯದರ್ಶಿಗಳು ಬರೆಯೋ ಕೆಲಸ ಜಾಸ್ತಿ ಆಯಿತೆಂದು ಗೊಣಗಿದರು.