ಪುನರ್ವಸತಿ: ಮಾತ್ರೆ ಕೆಲಸ ಮಾಡಿದ ಮೇಲೆ ಉಳಿಯುವ ಕೆಲಸ

ಬಾಗಲಕೋಟೆ ಕಡೆಯವರಿಗೆ 'ಪುನರ್ವಸತಿ' ಅಂದರೆ ಮೊದಲು ನೆನಪಾಗುವುದು ಮುಳುಗಡೆ. ಆಲಮಟ್ಟಿ ಹಿನ್ನೀರು ಬಂತು, ಹಳೇ ಊರಿನ ಓಣಿಗಳು ಹೋದವು, ನವನಗರದಲ್ಲಿ ಸೈಟು ಸಿಕ್ಕಿತು. ಸೈಟು ಸಿಕ್ಕ ದಿನವೇ ಬದುಕು ಶುರುವಾಗಲಿಲ್ಲ. ಉದ್ರಿ ಕೊಡುವ ಕಿರಾಣಿ ಅಂಗಡಿ, ಸಂಜೆ ಕೂಡುವ ಕಟ್ಟೆ, "ಎಲ್ಲಿ ಹೊಂಟಿ?" ಅಂತ ಕೇಳುವ ನೆರೆಯವರು, ಇವೆಲ್ಲ ಮತ್ತೆ ಕೂಡಿಬರಲು ವರ್ಷಗಳೇ ಬೇಕಾದವು.

ಮನಸ್ಸಿನ ಕಾಯಿಲೆಯ ಚಿಕಿತ್ಸೆಯಲ್ಲೂ ಇದೇ ಪದ ಇದೆ. ಪೂರ್ತಿಯಾಗಿ ಹೇಳಿದರೆ 'ಮನೋಸಾಮಾಜಿಕ ಪುನರ್ವಸತಿ'. ಪುನಃ ಅಂದರೆ ಮತ್ತೆ, ವಸತಿ ಅಂದರೆ ವಾಸ. ಕಾಯಿಲೆ ಬಂದು ತನ್ನ ಬದುಕಿನಿಂದಲೇ ಹೊರಗೆ ಬಿದ್ದವರು ಅದರೊಳಗೆ ಮತ್ತೆ ವಾಸಕ್ಕೆ ಬರುವುದು. 'ರಿಹ್ಯಾಬ್' ಅಂದ ಕೂಡಲೇ ಜಾಸ್ತಿ ಜನ ಕುಡಿತ ಬಿಡಿಸುವ ಕೇಂದ್ರ ಅಂದುಕೊಳ್ಳುತ್ತಾರೆ. ಅದೂ ಪುನರ್ವಸತಿಯೇ. ನಾನು ಇಲ್ಲಿ ಹೇಳುತ್ತಿರುವುದು ಸ್ಕಿಜೋಫ್ರೇನಿಯಾ, ಮನಸ್ಸು ವಿಪರೀತ ಏರಿ ಇಳಿಯುವ ಬೈಪೋಲಾರ್ ತರಹದ, ಬಹಳ ವರ್ಷ ಜೊತೆಗಿರುವ ಕಾಯಿಲೆಗಳ ವಿಷಯ.

ಈ ಪದದ ಅರ್ಥ ನನಗೆ ತಿಳಿದದ್ದು ನಮ್ಮ ಕಾಕಾನಿಂದ. ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುತ್ತಿದ್ದ. ಇಪ್ಪತ್ನಾಲ್ಕನೇ ವಯಸ್ಸಿಗೆ ಯಾರೂ ಇಲ್ಲದ ಕಡೆ ಧ್ವನಿ ಕೇಳಿಸತೊಡಗಿತು. ಪಕ್ಕದ ಮನೆಯವರು ತನ್ನ ಬಗ್ಗೆಯೇ ಮಾತಾಡುತ್ತಾರೆ ಅಂತ ಗೋಡೆಗೆ ಕಿವಿ ಹಚ್ಚಿ ನಿಲ್ಲುತ್ತಿದ್ದ. ಮಾತ್ರೆ ಶುರುವಾಗಿ ಮೂರು ತಿಂಗಳಿಗೆ ಧ್ವನಿ ನಿಂತಿತು. ಮನೆಯಲ್ಲಿ ಎಲ್ಲರೂ ಉಸಿರು ಬಿಟ್ಟೆವು. ಆದರೆ ಕಾಕಾ ಎದ್ದು ಬರಲಿಲ್ಲ. ಎರಡು ವರ್ಷ ಅದೇ ಕೋಣೆ, ಅದೇ ಚಾದರ. "ಆರಾಮ ಆಗ್ಯಾನಲ್ಲ, ಮತ್ತ್ಯಾಕ ಹಿಂಗ ಮಲಗೇ ಇರ್ತಾನ?" ಅಂತ ಆಯಿ ದಿನಾ ಕೇಳುತ್ತಿದ್ದಳು. ನಾವು ಮೈಗಳ್ಳ ಅಂದೆವು. ನಾನೂ ಅಂದಿದ್ದೇನೆ. ಆ ಮಾತನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ ಅನ್ನುವ ನೋವು ಇವತ್ತಿಗೂ ಇದೆ.

ಅದು ಮೈಗಳ್ಳತನ ಆಗಿರಲಿಲ್ಲ. ಸ್ಕಿಜೋಫ್ರೇನಿಯಾದಲ್ಲಿ ಎರಡು ಬಗೆಯ ಲಕ್ಷಣಗಳಿವೆ. ಧ್ವನಿ, ಅನುಮಾನ, ಭ್ರಮೆ ಇವು ಹೊಸದಾಗಿ ಬಂದು ಸೇರಿಕೊಳ್ಳುವಂಥವು. ಇವನ್ನು ಪಾಸಿಟಿವ್ ಲಕ್ಷಣ ಅನ್ನುತ್ತಾರೆ. ಇನ್ನೊಂದು ಬಗೆಯವು ಇದ್ದದ್ದನ್ನು ಕಿತ್ತುಕೊಂಡು ಹೋಗುವಂಥವು: ಉತ್ಸಾಹ, ಮಾತು, ಮುಖದ ಮೇಲಿನ ನಗು, ಬೆಳಿಗ್ಗೆ ಏಳಬೇಕು ಅನ್ನುವ ಮನಸ್ಸು. ಇವು ನೆಗೆಟಿವ್ ಲಕ್ಷಣ. ಮಾತ್ರೆ ಮೊದಲಿನ ಬಗೆಯ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಎರಡನೆಯದರ ಮೇಲೆ ತೀರಾ ಕಡಿಮೆ. ಇದರ ಜೊತೆಗೆ ಕೆಲವು ಮಾತ್ರೆಗಳಿಂದ ಬರುವ ಮಂಪರು ಬೇರೆ. ಹಾಗಂತ ಮಾತ್ರೆ ಬಿಡಬಾರದು, ಬಿಟ್ಟರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಜಾಸ್ತಿ. ಮಾತ್ರೆಗೆ ಎಟುಕದ ಈ ಜಾಗದಲ್ಲೇ ಪುನರ್ವಸತಿಯ ಕೆಲಸ ಶುರುವಾಗುವುದು.

ನಮಗೆ ದಾರಿ ತೋರಿಸಿದ್ದು ಒಬ್ಬ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ಅವರು ನಮ್ಮ ಯಾರನ್ನೂ ಕೇಳದೆ ಕಾಕಾನನ್ನು ಕೇಳಿದರು: "ನಿಮಗೆ ಏನು ಮಾಡಬೇಕು ಅನ್ನಿಸುತ್ತೆ?" ಬಹಳ ಹೊತ್ತಿನ ಮೇಲೆ ಕಾಕಾ ಹೇಳಿದ, "ಅಂಗಡಿಗೆ ಹೋಗಬೇಕ್ರಿ." ಅವನು ಕೆಲಸ ಮಾಡುತ್ತಿದ್ದ ರಿವೈಂಡಿಂಗ್ ಅಂಗಡಿ. ಆದರೆ ಅವರು ಅಲ್ಲಿಗೆ ಕಳಿಸಲಿಲ್ಲ. ದಿನಾ ಸಂಜೆ ಒಂದು ಹಾಲಿನ ಪಾಕೀಟು ತರುವ ಕೆಲಸ ಕೊಟ್ಟರು. ಅದೇ ಹೊತ್ತು, ಅದೇ ಅಂಗಡಿ. ಮೊದಲ ವಾರ ನಾನು ಪಕ್ಕದಲ್ಲಿ ನಡೆದೆ. ಎರಡನೇ ವಾರ ತಿರುವಿನಲ್ಲಿ ನಿಂತೆ. ಒಂದು ದಿನ ಹಾಲು ತಂದ, ಚಿಲ್ಲರೆ ಮರೆತು ಬಂದ. ಬೈಯಬೇಡಿ ಅಂತ ಮೊದಲೇ ಹೇಳಿದ್ದರು. ಸುಮ್ನೆ ಇದ್ದೆವು. ಮಾರನೇ ದಿನ ತಾನೇ ಕೇಳಿ ಎರಡೂ ದಿನದ ಚಿಲ್ಲರೆ ತಂದು ಆಯಿಯ ಕೈಗೆ ಎಣಿಸಿ ಕೊಟ್ಟ.

ಹೊರಗಿನವರಿಗೆ ಇದು ಏನೂ ಅಲ್ಲ ಅನ್ನಿಸಬಹುದು. ಎದ್ದು, ಅಂಗಿ ಹಾಕಿಕೊಂಡು, ರಸ್ತೆ ದಾಟಿ, ಒಬ್ಬರ ಮುಖ ನೋಡಿ ಮಾತಾಡಿ, ಲೆಕ್ಕ ಮಾಡಿ ಬರುವುದು. ಆದರೆ ಸರ್ಕಾರ ಮಾನಸಿಕ ಕಾಯಿಲೆಯ ಅಂಗವೈಕಲ್ಯವನ್ನು ಅಳೆಯುವುದೂ ಇವುಗಳಿಂದಲೇ. ಅದಕ್ಕೆ ಬಳಸುವ ಅಳತೆಯ ಹೆಸರು 'ಐಡಿಯಾಸ್'. ತನ್ನನ್ನು ತಾನು ನೋಡಿಕೊಳ್ಳುವುದು, ಜನರೊಂದಿಗೆ ಬೆರೆಯುವುದು, ಹೇಳುವುದು ಮತ್ತು ಅರ್ಥ ಮಾಡಿಕೊಳ್ಳುವುದು, ಕೆಲಸ. ಈ ನಾಲ್ಕಕ್ಕೆ ಅಂಕ ಹಾಕಿ, ಕಾಯಿಲೆ ಎಷ್ಟು ವರ್ಷದ್ದು ಅನ್ನುವುದನ್ನೂ ಸೇರಿಸುತ್ತಾರೆ. ಶೇ. 40 ಅಥವಾ ಹೆಚ್ಚು ಬಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೌಲಭ್ಯಗಳಿಗೆ ದಾರಿ ಇದೆ. ಆ ಕಾಯ್ದೆ ಗುರುತಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. 'ನಮ್ಮ ಹುಡುಗನಿಗೆ ಅಂಗವಿಕಲ ಕಾರ್ಡಾ?' ಅಂತ ಹಿಂಜರಿಯುವ ಮನೆಗಳನ್ನು ನೋಡಿದ್ದೇನೆ. ಮಾಡಿಸಿ. ಅದು ಅವರ ಹಕ್ಕು.

ಪುನರ್ವಸತಿ ಮನೆಯಲ್ಲೇ ಆಗಬೇಕು ಅಂತೇನೂ ಇಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರುವ ಡೇ ಕೇರ್ ಕೇಂದ್ರಗಳಿವೆ. ಕರ್ನಾಟಕದಲ್ಲಿ 'ಮಾನಸಧಾರ' ಅನ್ನುವ ಹೆಸರಿನಲ್ಲಿ ಇವು ಇವೆ. ಆಸ್ಪತ್ರೆಗೂ ಮನೆಗೂ ನಡುವೆ ಕೆಲವು ತಿಂಗಳು ಇರಲು ಹಾಫ್‌ವೇ ಹೋಮ್‌ಗಳಿವೆ. ಬೆಂಗಳೂರಿನಲ್ಲಿ ಮೆಡಿಕೋ ಪಾಸ್ಟೋರಲ್ ಅಸೋಸಿಯೇಷನ್, ರಿಚ್ಮಂಡ್ ಫೆಲೋಶಿಪ್ ಈ ಕೆಲಸವನ್ನು ದಶಕಗಳಿಂದ ಮಾಡುತ್ತಿವೆ. ನಿಮ್ಹಾನ್ಸ್‌ನಲ್ಲಿ ಪುನರ್ವಸತಿಗೇ ಬೇರೆ ವಿಭಾಗ ಇದೆ, ಬೇಕರಿ, ಹೊಲಿಗೆಯಂಥ ಕೆಲಸ ಕಲಿಸುತ್ತಾರೆ. ತೀರ್ಥಹಳ್ಳಿ, ತುರುವೇಕೆರೆ ತಾಲ್ಲೂಕುಗಳಲ್ಲಂತೂ ನಿಮ್ಹಾನ್ಸ್ ತಂಡಗಳು ಸ್ಕಿಜೋಫ್ರೇನಿಯಾ ಇರುವವರನ್ನು ಊರಲ್ಲೇ ಇಟ್ಟುಕೊಂಡು ವರ್ಷಗಟ್ಟಲೆ ನೋಡಿಕೊಂಡಿವೆ. ಎಲ್ಲಿಂದ ಶುರು ಮಾಡಬೇಕು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಕೆಲಸದ ವಿಷಯದಲ್ಲಿ ಎರಡು ದಾರಿ ಇವೆ. ಹಳೆಯದು, ಮೊದಲು ಕೇಂದ್ರದಲ್ಲಿ ಮೇಣದಬತ್ತಿಯೋ ಕಾಗದದ ಕವರೋ ಮಾಡಲು ಕಲಿಸಿ, ತಯಾರಾದರು ಅನ್ನಿಸಿದ ಮೇಲೆ ಹೊರಗೆ ಕಳಿಸುವುದು. ಇನ್ನೊಂದು 1990ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದದ್ದು: ಅವರು ಬಯಸಿದ ನಿಜವಾದ ಕೆಲಸಕ್ಕೆ ಮೊದಲೇ ಸೇರಿಸಿ, ಅಲ್ಲೇ ಜೊತೆಗೆ ನಿಂತು ಕಲಿಸುವುದು. ಎರಡನೆಯದರಲ್ಲೇ ಹೆಚ್ಚು ಜನ ಸಂಬಳದ ಕೆಲಸ ಹಿಡಿಯುತ್ತಾರೆ ಅಂತ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ನನಗೆ ಇದರಲ್ಲಿ ಅಚ್ಚರಿ ಇಲ್ಲ. ಮೋಟಾರು ಬಿಚ್ಚಿ ಕಟ್ಟುತ್ತಿದ್ದ ಕೈಗೆ ಮೇಣದಬತ್ತಿ ಹಿಡಿಸುವುದಿಲ್ಲ.

ಎರಡು ತಪ್ಪು ತಿಳಿವಳಿಕೆ ಬಗ್ಗೆ ಹೇಳಲೇಬೇಕು. ಒಂದು, ಮದುವೆ ಮಾಡಿದರೆ ಸರಿಹೋಗುತ್ತಾನೆ ಅನ್ನುವುದು. ನಮ್ಮ ಮನೆಯಲ್ಲೂ ಆ ಮಾತು ಎದ್ದಿತ್ತು. ದಯವಿಟ್ಟು ಬೇಡ. ಮದುವೆ ಚಿಕಿತ್ಸೆ ಅಲ್ಲ, ವಿಷಯ ಮುಚ್ಚಿಟ್ಟು ಮಾಡಿದರೆ ಇಬ್ಬರಿಗೂ ಅನ್ಯಾಯ. ಇನ್ನೊಂದು, ಪುನರ್ವಸತಿ ಕೇಂದ್ರ ಅಂದರೆ ಬಿಟ್ಟು ಬರುವ ಜಾಗ ಅನ್ನುವುದು. ಮನೆಯವರಿಲ್ಲ, ಮನೆಯವರು ಒಪ್ಪುತ್ತಿಲ್ಲ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸಬಾರದು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಸಮಾಜದ ನಡುವೆ ಬದುಕುವುದನ್ನು ಹಕ್ಕು ಅಂತಲೇ ಬರೆದಿದೆ. ಆಸ್ಪತ್ರೆಯಲ್ಲೋ ಕೇಂದ್ರದಲ್ಲೋ ಇದ್ದಾಗ ಒತ್ತಾಯದಿಂದ ದುಡಿಸುವಂತಿಲ್ಲ, ದುಡಿದರೆ ತಕ್ಕ ಕೂಲಿ ಕೊಡಬೇಕು ಅಂತಲೂ ಇದೆ. ಕೆಲಸ ಕಲಿಸುತ್ತೇವೆ ಅನ್ನುವ ಹೆಸರಲ್ಲಿ ಪುಕ್ಕಟೆ ಕಸ ಗುಡಿಸಿಕೊಳ್ಳುವ ಕಡೆ ನಿಮ್ಮವರನ್ನು ಬಿಟ್ಟಿದ್ದರೆ ಈ ಮಾತು ನೆನಪಿಡಿ.

ಹಾಲಿನ ಪಾಕೀಟಿನಿಂದ ಅಂಗಡಿ ಮುಟ್ಟಲು ನಮಗೆ ಹದಿನಾಲ್ಕು ತಿಂಗಳು ಹಿಡಿಯಿತು. ನಡುವೆ ಒಮ್ಮೆ ಮತ್ತೆ ಧ್ವನಿ ಕೇಳಿಸಿತು, ಡಾಕ್ಟರು ಮಾತ್ರೆ ಬದಲಿಸಿದರು, ಮತ್ತೆ ಹಾಲಿನಿಂದಲೇ ಶುರು ಮಾಡಿದೆವು. ಅಂಗಡಿಯ ಹಳೇ ಗೆಳೆಯ ದಿನಕ್ಕೆ ಎರಡು ತಾಸು ಬಾ ಅಂದ. ಈಗ ಕಾಕಾ ಮಧ್ಯಾಹ್ನದವರೆಗೆ ಕೂಡುತ್ತಾನೆ. ಫ್ಯಾನಿನ ಕಾಯಿಲ್ ಸುತ್ತುವಾಗ ಬಾಯಲ್ಲಿ ಸುತ್ತು ಎಣಿಸುತ್ತಿರುತ್ತಾನೆ, ಆಗ ಯಾರು ಮಾತಾಡಿಸಿದರೂ ಕೈ ಎತ್ತಿ ತಡೆಯುತ್ತಾನೆ. ಎಣಿಕೆ ಮುಗಿದ ಮೇಲೆ ತಿರುಗಿ, "ಹಾಂ, ಈಗ ಹೇಳು" ಅನ್ನುತ್ತಾನೆ.