ಸೌಂಡ್: ಒಂದು ಸ್ಪೆಲಿಂಗ್, ನಾಲ್ಕು ಮನೆತನ

‘ಟಿವಿ ಸೌಂಡ್ ಕಡಿಮೆ ಮಾಡು’ ಅನ್ನುವಾಗ ಅದು ಇಂಗ್ಲಿಷ್ ಪದ ಅನ್ನುವ ನೆನಪೂ ನಮಗಿರುವುದಿಲ್ಲ. ತೊಡಕು ಶುರುವಾಗುವುದು ಇಂಗ್ಲಿಷ್ ಪುಸ್ತಕ ಹಿಡಿದು ಕೂತಾಗ. ‘ಸೌಂಡ್ ಸ್ಲೀಪ್’ ಅಂದರೆ ಗೊರಕೆ ಹೊಡೆಯುವ ನಿದ್ದೆಯಲ್ಲ, ಗಾಢ ನಿದ್ದೆ. ‘ಸೌಂಡ್ ಅಡ್ವೈಸ್’ ಅಂದರೆ ಏರುದನಿಯಲ್ಲಿ ಹೇಳಿದ ಬುದ್ಧಿಮಾತಲ್ಲ. ‘ಸೌಂಡಿಂಗ್ ರಾಕೆಟ್’ಗೆ ಆ ಹೆಸರು ಬಂದದ್ದು ಅದರ ಅಬ್ಬರದಿಂದಲ್ಲ. ಅಮೆರಿಕದ ಸಿಯಾಟಲ್ ನಗರದ ಮಗ್ಗುಲಲ್ಲಿರುವ ‘ಪ್ಯೂಜೆಟ್ ಸೌಂಡ್’ ನೀರೇ ಹೊರತು ಸದ್ದಲ್ಲ.

‘ಸದ್ದು’ ಅನ್ನುವ ಅರ್ಥವನ್ನು ಹಿಡಿದುಕೊಂಡು ಅದರಿಂದಲೇ ಉಳಿದೆಲ್ಲ ಅರ್ಥಗಳನ್ನು ಹೊರಡಿಸಲು ಹೋದರೆ ತಲೆ ಕೆಡುವುದು ಖಂಡಿತ. ಯಾಕೆಂದರೆ ಇಲ್ಲಿರುವುದು ಹಲವು ಅರ್ಥದ ಒಂದು ಪದವಲ್ಲ. ಬೇರೆ ಬೇರೆ ಕಡೆಯಿಂದ ಬಂದು ಒಂದೇ ಸ್ಪೆಲಿಂಗಿನಲ್ಲಿ ನೆಲೆನಿಂತ ನಾಲ್ಕು ಪದಗಳು. ಒಳ್ಳೆಯ ನಿಘಂಟು ತೆರೆದರೆ ಪದದ ಹೆಗಲ ಮೇಲೆ ಒಂದು, ಎರಡು, ಮೂರು ಎಂದು ಪುಟ್ಟ ಅಂಕಿ ಕೂರಿಸಿ ಬೇರೆ ಬೇರೆ ನಮೂದು ಕೊಟ್ಟಿರುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಆ ಅಂಕಿಯನ್ನು ನೋಡುವುದೇ ಇಲ್ಲ.

ಕನ್ನಡದ ‘ಕರಿ’ಯನ್ನು ನೆನೆಯಿರಿ. ಕಪ್ಪು ಅನ್ನುವ ಕರಿ ಬೇರೆ, ಎಣ್ಣೆಯಲ್ಲಿ ಬೇಯಿಸುವ ಕರಿ ಬೇರೆ, ಆನೆ ಅನ್ನುವ ಕರಿ ಬೇರೆ. ಆನೆ ಕಪ್ಪಗಿರುವುದರಿಂದ ಅದಕ್ಕೆ ಕರಿ ಎಂದರು ಅಂದರೆ ಕೇಳುವುದಕ್ಕೇನೋ ಚೆನ್ನ, ಆದರೆ ಅದು ಸಂಸ್ಕೃತದ ‘ಕರಿನ್’, ಕರ ಉಳ್ಳದ್ದು, ಸೊಂಡಿಲನ್ನೇ ಕೈಯಾಗಿಸಿಕೊಂಡದ್ದು. ಸೌಂಡ್‌ನ ಕಥೆಯೂ ಇದೇ ಜಾತಿಯದು. ಇದಕ್ಕೆ ಇಂಗ್ಲಿಷಿನಲ್ಲಿ ಹಾಮೊನಿಮ್ ಅನ್ನುತ್ತಾರೆ. ‘ಹೆಡ್’ ಹಾಗಲ್ಲ. ಮೈಮೇಲಿನ ತಲೆ, ಮೊಳೆಯ ತಲೆ, ವಿಭಾಗದ ಮುಖ್ಯಸ್ಥ, ಇವೆಲ್ಲ ಒಂದೇ ಪದ ಬೆಳೆದು ಪಡೆದ ನಾನಾರ್ಥಗಳು. ಈ ಎರಡನ್ನೂ ಬೇರ್ಪಡಿಸಿ ನೋಡುವುದು ರೂಢಿಯಾದರೆ ಬಾಯಿಪಾಠದ ಹೊರೆ ಅರ್ಧ ಇಳಿಯುತ್ತದೆ ಅನ್ನುವುದು ನನ್ನ ಅನಿಸಿಕೆ.

ಸದ್ದಿನ ಸೌಂಡ್

ಇದರ ಮೂಲ ಲ್ಯಾಟಿನ್ನಿನ ‘ಸೊನುಸ್’. ಅದು ಫ್ರೆಂಚಿನಲ್ಲಿ ‘ಸೊನ್’ ಆಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಫ್ರೆಂಚಿನ ಸಾವಿರಾರು ಪದಗಳು ಇಂಗ್ಲಿಷಿಗೆ ಹರಿದುಬಂದವು, ಅವುಗಳಲ್ಲಿ ಇದೂ ಒಂದು. ಆಗಿನ ಇಂಗ್ಲಿಷಿನಲ್ಲಿ ಇದನ್ನು ಹೆಚ್ಚುಕಡಿಮೆ ‘ಸೂನ್’ ಎಂದು ಉಚ್ಚರಿಸುತ್ತಿದ್ದರು. 14ನೇ ಶತಮಾನದ ಕವಿ ಚಾಸರ್ ಬರೆದದ್ದೂ ಕೊನೆಯ ‘ಡಿ’ ಇಲ್ಲದೆಯೇ.

ಹಾಗಾದರೆ ಆ ‘ಡಿ’ ಎಲ್ಲಿಂದ ಬಂತು? ಎಲ್ಲಿಂದಲೂ ಬರಲಿಲ್ಲ, ಬಾಯಲ್ಲೇ ಹುಟ್ಟಿತು. ‘ನ್’ ಹೇಳುವಾಗ ನಾಲಗೆಯ ತುದಿ ಮೇಲ್ಹಲ್ಲಿನ ಹಿಂಭಾಗಕ್ಕೆ ಒತ್ತಿಕೊಂಡಿರುತ್ತದೆ, ಗಾಳಿ ಮೂಗಿನಿಂದ ಹೋಗುತ್ತದೆ. ನಾಲಗೆ ಬಿಡುವ ಕ್ಷಣಮಾತ್ರ ಮೊದಲೇ ಮೂಗಿನ ದಾರಿ ಮುಚ್ಚಿಕೊಂಡರೆ ಬಾಯಿಂದ ತಾನಾಗಿ ಒಂದು ‘ಡ್’ ಸಿಡಿಯುತ್ತದೆ. ಒಮ್ಮೆ ನಿಧಾನವಾಗಿ ಹೇಳಿ ನೋಡಿ, ಗೊತ್ತಾಗುತ್ತದೆ. ಗುಡುಗು ಅನ್ನುವ ‘ಥಂಡರ್’ನ ‘ಡಿ’ಯೂ ಹೀಗೆ ನುಸುಳಿದ್ದೇ. ಹಳೆಯ ಇಂಗ್ಲಿಷಿನಲ್ಲಿ ಅದು ‘ಥುನೊರ್’, ಜರ್ಮನ್ನಿನಲ್ಲಿ ಇಂದಿಗೂ ‘ಡೊನರ್’. ‘ಲೆಂಡ್’ಗೂ ‘ಲೋನ್’ಗೂ ನಂಟಿದ್ದರೂ ಒಂದರಲ್ಲಿ ಮಾತ್ರ ‘ಡಿ’ ಯಾಕಿದೆ ಎಂದು ತಲೆ ಕೆಡಿಸಿಕೊಂಡವರಿಗೂ ಉತ್ತರದ ಒಂದು ಪಾಲು ಇಲ್ಲೇ ಇದೆ.

ಇದೇ ಮನೆತನದ ಉಳಿದವರನ್ನು ನೋಡಿ: ಸೊನಾಟ, ಸಾನೆಟ್, ಯೂನಿಸನ್, ರೆಸೊನೆನ್ಸ್, ವ್ಯಂಜನ ಅನ್ನುವ ಅರ್ಥದ ಕಾನ್ಸೊನೆಂಟ್. ಇವು ಯಾವುದರಲ್ಲೂ ‘ಡಿ’ ಇಲ್ಲ. ಇಂಗ್ಲಿಷರ ನಾಲಗೆಯಲ್ಲಿ ಅಷ್ಟು ಕಾಲ ಹೊರಳಾಡದೆ ಲ್ಯಾಟಿನ್, ಇಟಾಲಿಯನ್, ಫ್ರೆಂಚ್ ರೂಪಕ್ಕೆ ಹತ್ತಿರವಾಗಿಯೇ ಉಳಿದ ಪದಗಳಿವು.

ಕನ್ನಡ ವ್ಯಾಕರಣ ಓದಿದವರಿಗೆ ಇಲ್ಲೊಂದು ಪರಿಚಿತ ಮುಖ ಸಿಗುತ್ತದೆ. ಭಾಷಾವಿಜ್ಞಾನದಲ್ಲಿ ನಾವು ಬಳಸುವ ‘ಸ್ವನ’, ‘ಸ್ವನಿಮಾ’ ಸಂಸ್ಕೃತದ ‘ಸ್ವನ್’ ಧಾತುವಿನಿಂದ ಬಂದವು. ಲ್ಯಾಟಿನ್ನಿನ ಸೊನುಸ್ ಮತ್ತು ಈ ಸ್ವನ ಒಂದೇ ಇಂಡೋ-ಯುರೋಪಿಯನ್ ಬೇರಿನ ಎರಡು ಕವಲುಗಳು. ಹಾಗಂತ ‘ಸ್ವರ’ವನ್ನೂ ಇದೇ ಗುಂಪಿಗೆ ಎಳೆದು ತರಬೇಡಿ, ಅದರ ಧಾತು ಬೇರೆ.

ಗಟ್ಟಿಮುಟ್ಟಾದ ಸೌಂಡ್

ಎರಡನೆಯದು ಅಪ್ಪಟ ಇಂಗ್ಲಿಷ್ ನೆಲದ ಪದ. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ಗೆಸುಂಡ್’, ಮೊದಲಕ್ಷರದ ಉಚ್ಚಾರ ‘ಯೆ’ಗೆ ಹತ್ತಿರ. ಜರ್ಮನ್ ಕಲಿಯುವವರಿಗೆ ಆರೋಗ್ಯವಂತ ಅನ್ನುವ ಅರ್ಥದ ‘ಗೆಝುಂಟ್’ ಗೊತ್ತಿರುತ್ತದೆ, ಯಾರಾದರೂ ಸೀನಿದರೆ ಜರ್ಮನ್ನರು ಹೇಳುವ ‘ಗೆಝುಂಟ್‌ಹೈಟ್’ ಕೂಡ. ಜರ್ಮನ್ ‘ಗೆ’ಯನ್ನು ಉಳಿಸಿಕೊಂಡಿತು, ಇಂಗ್ಲಿಷ್ ಕಾಲಕ್ರಮೇಣ ಸವೆಸಿ ಬಿಟ್ಟಿತು. ಅಲ್ಲೊಂದು ಇಲ್ಲೊಂದು ಪಳೆಯುಳಿಕೆ ಮಾತ್ರ ಉಳಿದಿದೆ. ‘ಇನಫ್’ ಪದದ ಮೊದಲಲ್ಲಿರುವ ‘ಇ’ ಅಂಥದ್ದೊಂದು.

ಈ ಸೌಂಡ್‌ನ ತಿರುಳು ‘ಆರೋಗ್ಯ’ ಅನ್ನುವುದಕ್ಕಿಂತ ‘ಬಿರುಕಿಲ್ಲ, ಹುಳುಕಿಲ್ಲ’ ಅನ್ನುವುದು. ಹೀಗೆ ಹಿಡಿದರೆ ಎಲ್ಲ ಬಳಕೆಯೂ ಸಲೀಸು. ಮರದ ತೊಲೆ ಸೌಂಡ್ ಅಂದರೆ ಒಳಗೆ ಟೊಳ್ಳಿಲ್ಲ. ಕಟ್ಟಡದ ಅಡಿಪಾಯ ಸೌಂಡ್ ಅಂದರೆ ಕುಸಿಯುವ ಭಯವಿಲ್ಲ. ನಿದ್ದೆ ಸೌಂಡ್ ಅಂದರೆ ನಡುವೆ ಮುರಿದಿಲ್ಲ. ‘ಸೇಫ್ ಆ್ಯಂಡ್ ಸೌಂಡ್’ ಅಂದರೆ ಕೂದಲೂ ಕೊಂಕದೆ. ಕಾನೂನಿನ ‘ಸೌಂಡ್ ಮೈಂಡ್’ ಸ್ವಸ್ಥಚಿತ್ತ. ಹಣವಂತನನ್ನು ಕಂಡು ನಾವು ‘ಸೌಂಡ್ ಪಾರ್ಟಿ’ ಅನ್ನುತ್ತೇವಲ್ಲ, ಅದೂ ಈ ಮನೆಯದೇ. ಅಲ್ಲಿ ಸದ್ದು ಮಾಡುವುದು ಹಣವಲ್ಲ!

ತರ್ಕಶಾಸ್ತ್ರದಲ್ಲಿ ಇದಕ್ಕೆ ಇನ್ನೂ ಬಿಗಿಯಾದ ಅರ್ಥವಿದೆ, ಪರೀಕ್ಷೆಗೆ ಓದುವವರು ಗಮನಿಸಬೇಕು. ವಾದದ ಕಟ್ಟು ಸರಿಯಿದ್ದರೆ ಅದು ‘ವ್ಯಾಲಿಡ್’. ಕಟ್ಟೂ ಸರಿಯಿದ್ದು ಆಧಾರವಾಕ್ಯಗಳೂ ನಿಜವಾಗಿದ್ದರೆ ಮಾತ್ರ ‘ಸೌಂಡ್’. ಎಲ್ಲ ಮೀನುಗಳೂ ಹಾರುತ್ತವೆ, ತಿಮಿಂಗಿಲ ಒಂದು ಮೀನು, ಆದ್ದರಿಂದ ತಿಮಿಂಗಿಲ ಹಾರುತ್ತದೆ ಅನ್ನುವ ವಾದ ವ್ಯಾಲಿಡ್ ಹೌದು, ಸೌಂಡ್ ಅಲ್ಲ.

ಒಂದು ಎಚ್ಚರಿಕೆ. ಬುದ್ಧಿ ಸ್ವಸ್ಥವಾಗಿರುವ ಅನ್ನುವ ‘ಸೇನ್’, ನೈರ್ಮಲ್ಯದ ‘ಸ್ಯಾನಿಟರಿ’ ಪದಗಳ ಅರ್ಥ ಇದಕ್ಕೆ ಹತ್ತಿರ, ಮೊದಲಕ್ಷರವೂ ಒಂದೇ. ಲ್ಯಾಟಿನ್ನಿನಲ್ಲಿ ‘ಸಾನುಸ್’ ಬಳಸಿದ್ದ ರೋಮನ್ ಕವಿ ಜುವೆನಲ್‌ನ ಪ್ರಸಿದ್ಧ ಮಾತನ್ನು ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ 1693ರ ತನ್ನ ಶಿಕ್ಷಣಗ್ರಂಥದ ಆರಂಭದಲ್ಲಿ ಇಂಗ್ಲಿಷಿಗೆ ತರುವಾಗ ‘ಸೌಂಡ್ ಮೈಂಡ್, ಸೌಂಡ್ ಬಾಡಿ’ ಎಂದೇ ಬರೆದ. ಆದರೂ ಸಾನುಸ್‌ಗೂ ಸೌಂಡ್‌ಗೂ ರಕ್ತಸಂಬಂಧವಿಲ್ಲ.

ಸೂನ್, ಸುಂಡ್ ಒಂದಾದದ್ದು ಹೇಗೆ

ಮೊದಲನೆಯದಾದ ಸೂನ್‌ನಲ್ಲಿ ದೀರ್ಘ ‘ಊ’, ಎರಡನೆಯದಾದ ಗೆಸುಂಡ್‌ನ ‘ಸುಂಡ್’ನಲ್ಲಿ ಹ್ರಸ್ವ ‘ಉ’. ಹಳೆಯ ಇಂಗ್ಲಿಷಿನ ಕೊನೆಗಾಲದಲ್ಲಿ ‘ನ್ಡ್’ ಮುಂತಾದ ಜೋಡಿಗಳ ಹಿಂದಿದ್ದ ಹ್ರಸ್ವ ಸ್ವರಗಳು ದೀರ್ಘವಾದವು. ಹಾಗಾಗಿ ಸುಂಡ್ ‘ಸೂಂಡ್’ ಆಯಿತು. ಆಮೇಲೆ ಸೂನ್‌ಗೆ ‘ಡಿ’ ಅಂಟಿಕೊಂಡಿತು. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು, ಇದನ್ನೇ ‘ಗ್ರೇಟ್ ವವೆಲ್ ಶಿಫ್ಟ್’ ಅನ್ನುವುದು. ಆಗ ‘ಊ’ ಇದ್ದದ್ದು ‘ಔ’ ಆಯಿತು. ಹುಂಡ್, ಗ್ರುಂಡ್, ಪುಂಡ್‌ಗಳು ಇಂದಿನ ಹೌಂಡ್, ಗ್ರೌಂಡ್, ಪೌಂಡ್ ಆದದ್ದೂ ಇದೇ ದಾರಿಯಲ್ಲಿ. ಗಾಯ ಅನ್ನುವ ‘ವೂಂಡ್’ ಮಾತ್ರ ಹಠ ಹಿಡಿದು ಹಳೆಯ ‘ಊ’ವನ್ನೇ ಉಳಿಸಿಕೊಂಡಿದೆ.

ಫ್ರೆಂಚಿನಲ್ಲಿ ಇಂದಿಗೂ ಸದ್ದಿಗೆ ‘ಸೊನ್’, ಆಳ ಅಳೆಯುವ ಸಾಧನಕ್ಕೆ ‘ಸೊಂಡ್’ (ನಾಲ್ಕನೆಯ ಸೌಂಡ್‌ನ ಈ ನಂಟನ ಕಥೆ ಮುಂದೆ ಬರುತ್ತದೆ). ಅಲ್ಲಿ ಎರಡನ್ನೂ ಬೇರೆಯಾಗಿಟ್ಟಿರುವುದೇ ಆ ಒಂದು ‘ಡಿ’. ಇಂಗ್ಲಿಷ್ ಸದ್ದಿಗೂ ಅದನ್ನು ಅಂಟಿಸಿಕೊಂಡು ಆ ವ್ಯತ್ಯಾಸವನ್ನೇ ಅಳಿಸಿಹಾಕಿತು.

ನೀರಿನ ಸೌಂಡ್

ಮೂರನೆಯದು ‘ಸುಂಡ್’, ಈಜು. ‘ಸ್ವಿಮ್’ ಕ್ರಿಯಾಪದದ ಒಡಹುಟ್ಟು. ಸ್ಕ್ಯಾಂಡಿನೇವಿಯದ ಹಳೆಯ ನಾರ್ಸ್ ಭಾಷೆಯಲ್ಲಿ ಇದಕ್ಕೆ ಈಜು ಮತ್ತು ಜಲಸಂಧಿ ಎರಡೂ ಅರ್ಥಗಳಿದ್ದವು. ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನ ‘ಓರೆಸುಂಡ್’ ಈ ಪೈಕಿ ಅತಿ ಹೆಸರುವಾಸಿ. ಹಳೆಯ ಇಂಗ್ಲಿಷ್ ವ್ಯಾಪಾರ ಚರಿತ್ರೆಯಲ್ಲಿ ಬರಿದೇ ‘ದ ಸೌಂಡ್’ ಅಂದಿದ್ದರೆ ಅದು ಇದೇ. 1429ರಿಂದ 1857ರವರೆಗೆ ಇದನ್ನು ದಾಟುವ ಹಡಗುಗಳಿಂದ ಡೆನ್ಮಾರ್ಕಿನ ದೊರೆಗಳು ಸುಂಕ ವಸೂಲಿ ಮಾಡಿದರು. ಸುಂಕದ ಕಟ್ಟೆ ಇದ್ದದ್ದು ಹೆಲ್ಸಿಂಗರ್‌ನಲ್ಲಿ, ಅಂದರೆ ಹ್ಯಾಮ್ಲೆಟ್ ನಾಟಕದ ಎಲ್ಸಿನೋರ್‌ನಲ್ಲಿ. ಮೊದಲು ಹೇಳಿದ ಪ್ಯೂಜೆಟ್ ಸೌಂಡ್‌ಗೆ 1792ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್ ತನ್ನ ಅಧಿಕಾರಿ ಪೀಟರ್ ಪ್ಯೂಜೆಟ್‌ನ ಹೆಸರಿಟ್ಟ. ಮೀನಿನ ಹೊಟ್ಟೆಯಲ್ಲಿರುವ, ತೇಲಲು ನೆರವಾಗುವ ಗಾಳಿಚೀಲಕ್ಕೂ ಇಂಗ್ಲಿಷಿನಲ್ಲಿ ‘ಸೌಂಡ್’ ಅನ್ನುವ ಹೆಸರುಂಟು. ಅದೂ ಈಜಿನದೇ ಸಂತತಿ.

ಆಳ ನೋಡುವ ಸೌಂಡ್

ನಾಲ್ಕನೆಯದು ಹೆಚ್ಚಾಗಿ ಕ್ರಿಯಾಪದ: ಆಳ ಅಳೆಯುವುದು. ಬಂದದ್ದು ಫ್ರೆಂಚಿನ ‘ಸೊಂಡೆ’ಯಿಂದ. ಅದಕ್ಕೂ ಹಿಂದಿನ ವಿಚಾರದಲ್ಲಿ ಪಂಡಿತರದ್ದು ಎರಡು ಮತ. ಲ್ಯಾಟಿನ್ನಿನ ‘ಅಲೆಯ ಕೆಳಗೆ’ ಅನ್ನುವ ಮಾತಿನಿಂದ ಬಂತು ಅನ್ನುವುದು ಒಂದು. ಮೂರನೆಯ ಸುಂಡ್‌ನಿಂದಲೇ ಫ್ರೆಂಚಿಗೆ ಹೋಗಿ ತಿರುಗಿ ಬಂತು ಅನ್ನುವುದು ಇನ್ನೊಂದು. ಹಳೆಯ ಇಂಗ್ಲಿಷಿನಲ್ಲೇ ಆಳ ನೋಡುವ ಹಗ್ಗಕ್ಕೆ ‘ಸುಂಡ್‌ಲೀನೆ’ ಅನ್ನುವ ಪದ ಇದ್ದುದರಿಂದ ನನಗೆ ಎರಡನೆಯದೇ ಹೆಚ್ಚು ಒಪ್ಪುತ್ತದೆ. ಅದು ನಿಜವಾದರೆ ನಾಲ್ಕು ಮನೆತನ ಮೂರಕ್ಕೆ ಇಳಿಯುತ್ತದೆ.

ಕೆಲಸ ನಡೆಯುತ್ತಿದ್ದ ರೀತಿ ಹೀಗೆ. ಉದ್ದನೆಯ ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ಹಡಗಿನಿಂದ ಇಳಿಬಿಡುತ್ತಿದ್ದರು. ಗುಂಡಿನ ತಳದಲ್ಲೊಂದು ಕುಳಿ, ಅದರ ತುಂಬ ಪ್ರಾಣಿಕೊಬ್ಬು. ತಳ ಮುಟ್ಟಿದಾಗ ಅಲ್ಲಿನ ಮರಳೋ ಚಿಪ್ಪಿನ ಚೂರೋ ಕೊಬ್ಬಿಗೆ ಅಂಟಿಕೊಂಡು ಮೇಲೆ ಬರುತ್ತಿತ್ತು. ಆಳದ ಜೊತೆಗೆ ತಳ ಎಂಥದ್ದು ಅನ್ನುವುದೂ ತಿಳಿಯುತ್ತಿತ್ತು. ಹಗ್ಗದ ಮೇಲೆ ಗೊತ್ತಾದ ಅಂತರದಲ್ಲಿ ಗುರುತುಗಳು: ಎರಡಕ್ಕೆ ತೊಗಲಿನ ಎರಡು ಪಟ್ಟಿ, ಮೂರಕ್ಕೆ ಮೂರು, ಐದಕ್ಕೆ ಬಿಳಿ ಬಟ್ಟೆ, ಏಳಕ್ಕೆ ಕೆಂಪು ಬಟ್ಟೆ. ಬಟ್ಟೆಯ ಬಗೆಯನ್ನೂ ಬೇರೆ ಬೇರೆಯಾಗಿ ಇಟ್ಟದ್ದು ಕತ್ತಲಲ್ಲೂ ಮುಟ್ಟಿ ಗುರುತಿಸಲಿ ಎಂದು.

ಅಳತೆಯ ಮಾನ ‘ಫ್ಯಾದಮ್’, ಆರು ಅಡಿ. ಎರಡೂ ತೋಳು ಚಾಚಿದಾಗಿನ ಉದ್ದ ಅನ್ನುವುದು ಅದರ ಮೂಲಾರ್ಥ, ಅಂದರೆ ನಮ್ಮ ‘ಮಾರು’. ಮಿಸಿಸಿಪಿ ನದಿಯ ಹಬೆದೋಣಿಗಳಲ್ಲಿ ಎರಡು ಮಾರು ಆಳ ಸಿಕ್ಕರೆ ‘ಮಾರ್ಕ್ ಟ್ವೇನ್’ ಎಂದು ಕೂಗುತ್ತಿದ್ದರು. ಅಲ್ಲಿ ದೋಣಿ ನಡೆಸುತ್ತಿದ್ದ ಸ್ಯಾಮ್ಯುಯೆಲ್ ಕ್ಲೆಮೆನ್ಸ್ ಅದನ್ನೇ ತನ್ನ ಕಾವ್ಯನಾಮ ಮಾಡಿಕೊಂಡ. 1875ರ ಮಾರ್ಚ್ 23ರಂದು ಪಶ್ಚಿಮ ಪೆಸಿಫಿಕ್ ಸಾಗರದಲ್ಲಿ ‘ಚಾಲೆಂಜರ್’ ಅನ್ನುವ ಬ್ರಿಟಿಷ್ ಸಂಶೋಧನಾ ಹಡಗು ಇಳಿಬಿಟ್ಟ ಹಗ್ಗ 4,475 ಮಾರು ಇಳಿಯಿತು, ಎಂಟು ಕಿಲೋಮೀಟರಿಗೂ ಹೆಚ್ಚು. ಸಾಗರದ ಅತ್ಯಂತ ಆಳದ ಜಾಗಕ್ಕೆ ‘ಚಾಲೆಂಜರ್ ಡೀಪ್’ ಅನ್ನುವ ಹೆಸರು ನಿಂತಿದ್ದು ಈ ಹಡಗಿನಿಂದ.

ಹಗ್ಗ ಹೋಯಿತು, ಪದ ಉಳಿಯಿತು. ಸೌಂಡಿಂಗ್ ರಾಕೆಟ್ ಮಾಡುವುದೂ ಇದನ್ನೇ, ದಿಕ್ಕು ಮಾತ್ರ ತಿರುಗುಮುರುಗು: ಉಪಕರಣ ಹೊತ್ತು ಮೇಲೇರಿ ವಾತಾವರಣದ ಸ್ಥಿತಿಗತಿ ಅಳೆದು ಬೀಳುತ್ತದೆ. ಹವಾಮಾನದ ಬಲೂನಿಗೆ ಕಟ್ಟುವ ‘ರೇಡಿಯೋಸೊಂಡ್’ನಲ್ಲಿ ಫ್ರೆಂಚ್ ರೂಪವೇ ಉಳಿದಿದೆ. ತಿಮಿಂಗಿಲ ಆಳಕ್ಕೆ ಮುಳುಗಿದರೆ ಅದೂ ‘ಸೌಂಡ್’. ವೈದ್ಯರು ದೇಹದೊಳಗೆ ತೂರಿಸಿ ಪರೀಕ್ಷಿಸುವ ಸಲಾಕೆಯ ಹೆಸರೂ ‘ಸೌಂಡ್’. ‘ಎಕೋ ಸೌಂಡಿಂಗ್’ನಲ್ಲಂತೂ ಅಳೆಯುವ ಸಾಧನವೇ ಸದ್ದು: ಸದ್ದು ಕಳಿಸಿ, ಪ್ರತಿಧ್ವನಿ ಬರಲು ಹಿಡಿದ ಸಮಯದಿಂದ ಆಳ ಲೆಕ್ಕ ಹಾಕುತ್ತಾರೆ. ಹಾಗಾಗಿ ಅಲ್ಲಿನ ಸೌಂಡಿಂಗ್ ಸದ್ದಿಗೆ ಸಂಬಂಧಿಸಿದ್ದು ಅಂತ ಯಾರಾದರೂ ಅಂದುಕೊಂಡರೆ ತಪ್ಪು ಹೊರಿಸುವಂತಿಲ್ಲ.

ವಾಕ್ಯದಲ್ಲಿ ಗುರುತಿಸುವುದು

ವಿಶೇಷಣವಾಗಿದ್ದು ‘ವೆರಿ’ ಹಚ್ಚಿದರೂ ಅರ್ಥ ಕೆಡದಿದ್ದರೆ ಎರಡನೆಯದು. ಊರು, ಕಡಲ ಹೆಸರಿಗೆ ಅಂಟಿದ್ದರೆ ಮೂರನೆಯದು. ‘ಸೌಂಡ್ಸ್ ಗುಡ್’, ‘ಇಟ್ ಸೌಂಡ್ಸ್ ಲೈಕ್’ ಮುಂತಾದವು ಕಿವಿಗೆ ಸೇರಿದ ಮೊದಲನೆಯವು. ‘ಸೌಂಡಿಂಗ್ ಬೋರ್ಡ್’ ಅಂದರೆ ನಮ್ಮ ಯೋಚನೆಯನ್ನು ಯಾರೆದುರು ಹೇಳಿ ಪರೀಕ್ಷಿಸುತ್ತೇವೋ ಆ ವ್ಯಕ್ತಿ. ಇನ್ನೊಬ್ಬರ ಅಭಿಪ್ರಾಯದ ಆಳ ನೋಡುವುದಲ್ಲವೇ, ನಾಲ್ಕನೆಯದಿರಬೇಕು ಅನ್ನಿಸುತ್ತದೆ. ಅಲ್ಲ, ಅದು ಚರ್ಚಿನಲ್ಲಿ ಉಪದೇಶಕನ ತಲೆಯ ಮೇಲೆ ದನಿ ಮರುಕಳಿಸಲೆಂದು ಕಟ್ಟುತ್ತಿದ್ದ ಹಲಗೆ, ಮೊದಲನೆಯದು. ‘ಸೌಂಡ್ ಆ್ಯಸ್ ಎ ಬೆಲ್’ ಇನ್ನೂ ತುಂಟ. ಗಂಟೆ ಇದ್ದರೂ ಅರ್ಥ ಎರಡನೆಯದು, ಬಿರುಕಿಲ್ಲದ್ದು. ಬಿರುಕಿಲ್ಲದ ಗಂಟೆಯೇ ಚೆನ್ನಾಗಿ ಮೊಳಗುವುದರಿಂದ ಎರಡು ಅರ್ಥವೂ ಒಟ್ಟಿಗೆ ಕುಣಿಯುತ್ತವೆ.

ಕಡೆಗೆ ‘ಸೌಂಡ್ ಔಟ್’. ಟೀಚರ್ ಮಗುವಿಗೆ ‘ಈ ಪದವನ್ನು ಸೌಂಡ್ ಔಟ್ ಮಾಡು’ ಅಂದರೆ ಅಕ್ಷರ ಅಕ್ಷರವಾಗಿ ಬಾಯಿಬಿಟ್ಟು ಓದು ಎಂದು, ಅದು ಮೊದಲನೆಯದು. ‘ಮೀಟಿಂಗಿಗೆ ಮುಂಚೆ ಅಧ್ಯಕ್ಷರನ್ನು ಸೌಂಡ್ ಔಟ್ ಮಾಡು’ ಅಂದರೆ ಅವರ ಮನಸ್ಸಿನಲ್ಲಿ ಏನಿದೆ ಎಂದು ಮೆಲ್ಲಗೆ ತಿಳಿದುಕೋ ಎಂದು, ಸೀಸದ ಗುಂಡಿನ ನಾಲ್ಕನೆಯದು.